ಆಳಿಸಿಕೊಳ್ಳುವವರ ಶಾಸ್ತ್ರ

ರಾಜ್ಯಶಾಸ್ತ್ರವನ್ನು ಹೊಸದಾಗಿ ಓದಲು ಕೂತವರಿಗೆ ಮೊದಲು ಎದುರಾಗುವುದು ಒಂದು ಪಟ್ಟಿ. ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ: ಈ ನಾಲ್ಕೂ ಇದ್ದರೆ ಅದು ರಾಜ್ಯ, ಒಂದು ಕಡಿಮೆಯಾದರೂ ಅಲ್ಲ. ಪಿಯುಸಿ ಮಕ್ಕಳು ಇದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಅಡಿಗೆರೆ ಎಳೆದು ಬರೆದು, ಅಂಕ ಪಡೆದು ಮುಂದಿನ ಪಾಠಕ್ಕೆ ಹೋಗುತ್ತಾರೆ. ಇದಕ್ಕಿಂತ ಎಷ್ಟೋ ಹಳೆಯ ಪಟ್ಟಿ ಕೌಟಿಲ್ಯನದು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಆತ 7 ಅಂಗ ಹೇಳಿದ. ಆದರೆ ಎರಡು ಪಟ್ಟಿಗಳಿಂದಲೂ ಒಂದು ಪ್ರಶ್ನೆ ಹೊರಗುಳಿಯುತ್ತದೆ. ಆಳಿಸಿಕೊಳ್ಳುವವನು ಯಾಕಾಗಿ ಮಾತು ಕೇಳುತ್ತಾನೆ? ನನ್ನ ಮಟ್ಟಿಗೆ ಈ ಶಾಸ್ತ್ರ ಶುರುವಾಗುವುದೇ ಅಲ್ಲಿಂದ. ಅದನ್ನು ಕಲಿಸಲು ಅಥೆನ್ಸಿನವರೆಗೆ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು ಸಾಕು.

1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಕರೆ ಕೊಟ್ಟು ಗಾಂಧೀಜಿ ಸೆರೆಯಾದರು. ಸೆಪ್ಟೆಂಬರ್ ಹೊತ್ತಿಗೆ ಈಸೂರಿನ ಜನ ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿದರು. ವೀರಭದ್ರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಏರಿತು. ಕಂದಾಯ ಕೊಡುವುದಿಲ್ಲ ಎಂದರು. ಪಟೇಲ, ಶ್ಯಾನುಭೋಗರ ಕೈಯಲ್ಲಿದ್ದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ಆಮೇಲೆ ಊರಿನ ಇಬ್ಬರು ಎಳೆಯ ಹುಡುಗರನ್ನು ಆರಿಸಿ, ಒಬ್ಬನನ್ನು ಅಮಲ್ದಾರನೆಂದೂ (ಈಗಿನ ತಹಶೀಲ್ದಾರ) ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರ್ ಎಂದೂ ನೇಮಿಸಿದರು. ಮಕ್ಕಳನ್ನಾದರೆ ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ ಅದರ ಹಿಂದಿತ್ತೆಂದು ಹೇಳುತ್ತಾರೆ.

ಹುಡುಗ ಅಮಲ್ದಾರನಾದದ್ದನ್ನು ಹಳ್ಳಿಗರ ಮುಗ್ಧತೆ ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ನಾವು ಸ್ವಲ್ಪ ನಿಂತು ನೋಡಬೇಕು. ಶಿಕಾರಿಪುರದ ನಿಜವಾದ ಅಮಲ್ದಾರರಿಗೂ ಈ ಹುಡುಗನಿಗೂ ಇದ್ದ ವ್ಯತ್ಯಾಸವೇನು? ಅವರಿಗೆ ಮೊಹರು ಇತ್ತು, ಸಂಬಳ ಇತ್ತು, ಹಿಂದೆ ಪೊಲೀಸರಿದ್ದರು. ಆದರೆ ಒಂದು ತಾಲ್ಲೂಕಿಗೆ ಇದ್ದ ಪೊಲೀಸರು ಎಷ್ಟು ಮಂದಿ? ಇಡೀ ತಾಲ್ಲೂಕು ಒಂದೇ ದಿನ ಕಂದಾಯ ನಿಲ್ಲಿಸಿದರೆ ಮನೆಮನೆಗೆ ಹೋಗಿ ವಸೂಲಿ ಮಾಡುವಷ್ಟು ಕೈಗಳು ಯಾವ ಸರ್ಕಾರಕ್ಕೂ ಇರುವುದಿಲ್ಲ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲಿ ಬೆರಗುಪಟ್ಟದ್ದು ಇದಕ್ಕೇ. ಹೆಚ್ಚು ಜನರನ್ನು ಕೆಲವೇ ಜನ ಆಳುತ್ತಾರೆ; ಬಲವೆಂಬುದು ಯಾವಾಗಲೂ ಆಳಿಸಿಕೊಳ್ಳುವವರ ಕಡೆಗೇ ಇರುತ್ತದೆ; ಹಾಗಿದ್ದೂ ಆಳ್ವಿಕೆ ನಡೆಯುವುದು ಜನರ ಮನಸ್ಸಿನಲ್ಲಿರುವ ಅಭಿಪ್ರಾಯದ ಆಧಾರದ ಮೇಲೆ ಎಂಬುದು ಆತನ ತೀರ್ಮಾನ. ಈಸೂರಿನವರು ಹ್ಯೂಮ್‌ನನ್ನು ಓದಿರಲಿಲ್ಲ. ಅಮಲ್ದಾರಿಕೆ ತಮ್ಮ ಒಪ್ಪಿಗೆಯಿಂದ ನಡೆಯುತ್ತಿದೆ ಎಂಬುದು ಮಾತ್ರ ಅವರಿಗೆ ಗೊತ್ತಾಗಿತ್ತು.

ಇನ್ನೊಂದು ಸಂಗತಿಯಿದೆ. ಈಸೂರು ಸೇರಿದ್ದ ಮೈಸೂರು ಸಂಸ್ಥಾನಕ್ಕೆ ಜನರಿದ್ದರು, ನೆಲವಿತ್ತು, ದಕ್ಷವೆಂದು ಹೆಸರಾದ ಸರ್ಕಾರವೂ ಇತ್ತು. ಆದರೆ 1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡು, 1881ರಲ್ಲಿ ಹಲವು ಷರತ್ತುಗಳೊಡನೆ ಒಡೆಯರಿಗೆ ಹಿಂದಿರುಗಿಸಿದ್ದರು. ಕೊನೆಯ ಮಾತು ಬ್ರಿಟಿಷ್ ಸಾರ್ವಭೌಮತ್ವದ್ದೇ. ಅಂದರೆ ಪಠ್ಯಪುಸ್ತಕದ ಪಟ್ಟಿ ಹಿಡಿದು ನೋಡಿದರೆ ಈಸೂರು ಹೇಗೆ ರಾಜ್ಯವಲ್ಲವೋ ಮೈಸೂರೂ ಹಾಗೆಯೇ ರಾಜ್ಯವಲ್ಲ. ಇಬ್ಬರು ಅಮಲ್ದಾರರಲ್ಲಿ ಯಾರ ಬೆನ್ನಿಗೂ ನಾಲ್ಕನೆಯ ಅಂಗ ಇರಲಿಲ್ಲ. ಪರಮಾಧಿಕಾರದ ವ್ಯಾಖ್ಯೆಯನ್ನು ಹತ್ತು ಸಲ ಉರು ಹೊಡೆಯುವ ವಿದ್ಯಾರ್ಥಿಗೆ ಇದೊಂದನ್ನು ತೋರಿಸಿದರೆ ಪಾಠ ಮರೆಯುವುದಿಲ್ಲ.

ಬಲವೂ ಅಧಿಕಾರವೂ ಬೇರೆ ಬೇರೆ ಎನ್ನುವುದು ಈ ಶಾಸ್ತ್ರದ ಎರಡನೆಯ ಪಾಠ. ಕೈ ತಿರುಚಿ ಮಾಡಿಸುವುದು ಬಲ. ಮಾಡಿಸುವ ಹಕ್ಕು ಇವನಿಗಿದೆ ಎಂದು ಎದುರಿನವನು ಒಪ್ಪಿದಾಗ ಅದು ಅಧಿಕಾರ. ಜರ್ಮನಿಯ ಮ್ಯಾಕ್ಸ್ ವೆಬರ್ ಆ ಒಪ್ಪಿಗೆಯ ಮೂಲಗಳು ಮೂರು ಎಂದ. ಹಿಂದಿನಿಂದ ಬಂದ ಸಂಪ್ರದಾಯ, ಒಬ್ಬ ವ್ಯಕ್ತಿಯ ಮೇಲಿನ ಅಸಾಧಾರಣ ಶ್ರದ್ಧೆ, ಮತ್ತು ಲಿಖಿತ ನಿಯಮ. ಸೆಪ್ಟೆಂಬರ್ 28ರಂದು ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಪೊಲೀಸರೊಡನೆ ಈಸೂರಿಗೆ ಬಂದಾಗ ಈ ಮೂರೂ ಒಂದೇ ಬೀದಿಯಲ್ಲಿ ಎದುರುಬದುರಾದವು. ಬಂದವರ ಹಿಂದೆ ಮಹಾರಾಜರ ಹೆಸರೂ ಕಾನೂನಿನ ಪುಸ್ತಕವೂ ಇತ್ತು. ಊರವರ ಕೈಯಲ್ಲಿದ್ದದ್ದು ಗಾಂಧಿ ಟೋಪಿ. ಊರೊಳಗೆ ಬರುವುದಾದರೆ ಇದನ್ನು ಹಾಕಿಕೊಳ್ಳಿ ಎಂದು ಜನ ಒತ್ತಾಯಿಸಿದರೆಂದು ಈಸೂರಿನ ಕಥನಗಳಲ್ಲಿ ಬರುತ್ತದೆ. ಖಾದಿ ಬಟ್ಟೆಯ ಒಂದು ಟೋಪಿ. ಅದನ್ನು ತಲೆಯ ಮೇಲಿಟ್ಟುಕೊಂಡರೆ ಅಮಲ್ದಾರರು ತಾವು ಯಾರ ಆಳು ಎಂಬುದನ್ನೇ ಬದಲಿಸಿಕೊಂಡ ಹಾಗೆ. ಮಾತಿಗೆ ಮಾತು ಬೆಳೆದು ಘರ್ಷಣೆಯಾಯಿತು. ಇಬ್ಬರು ಅಧಿಕಾರಿಗಳೂ ಅಲ್ಲೇ ಸತ್ತರು.

ಈಸೂರನ್ನು ನೆನೆಯುವಾಗ ನಾವು ಈ ಸಾವುಗಳನ್ನು ಬೇಗ ದಾಟಿಬಿಡುತ್ತೇವೆ. ದಾಟಬಾರದು. ಹುದ್ದೆ ಬೇರೆ, ಹುದ್ದೆಯಲ್ಲಿ ಕೂತ ಮನುಷ್ಯ ಬೇರೆ ಎಂಬ ವಿವೇಕವೇ ರಾಜ್ಯಶಾಸ್ತ್ರದ ನೈತಿಕ ಬುನಾದಿ. ಅಮಲ್ದಾರಿಕೆಯನ್ನು ನಿರಾಕರಿಸುವ ಹಕ್ಕು ಊರಿಗೆ ಇತ್ತೆಂದು ನಾನು ಪೂರ್ತಿ ನಂಬುತ್ತೇನೆ. ಅಮಲ್ದಾರರಾಗಿದ್ದ ಮನುಷ್ಯನ ಪ್ರಾಣದ ಮೇಲೆ ಹಕ್ಕು ಇರಲಿಲ್ಲ. ಯಾವ ಗಾಂಧಿಯ ಹೆಸರಿನಲ್ಲಿ ಆ ಟೋಪಿ ಹಿಡಿದಿದ್ದರೋ ಆ ಗಾಂಧಿಯೇ ಈ ಮಾತು ಹೇಳುತ್ತಿದ್ದರು.

ಸರ್ಕಾರ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ತಪ್ಪಿತಸ್ಥರನ್ನು ಹುಡುಕುವ ಬದಲು ಪೊಲೀಸರು ಊರಿಗೆ ಊರನ್ನೇ ಸೂರೆ ಮಾಡಿದರು. ಜನ ಮನೆಮಠ ಬಿಟ್ಟು ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಒಂದು ಭೂಪ್ರದೇಶದಲ್ಲಿ ನ್ಯಾಯಬದ್ಧ ಬಲಪ್ರಯೋಗದ ಏಕಸ್ವಾಮ್ಯ ಇರುವುದು ರಾಜ್ಯಕ್ಕೆ ಮಾತ್ರ ಎಂದು ವೆಬರ್ 1919ರಲ್ಲಿ ವ್ಯಾಖ್ಯಾನಿಸಿದ್ದ. ಆ ವ್ಯಾಖ್ಯೆಯನ್ನು ಓದುವವರು ‘ನ್ಯಾಯಬದ್ಧ’ ಎನ್ನುವುದನ್ನು ಬಿಟ್ಟು ‘ಬಲಪ್ರಯೋಗ’ವನ್ನಷ್ಟೇ ನೆನಪಿಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸೂರೆಯಾದ ಈಸೂರೇ ಸಾಕ್ಷಿ. ನಿಯಮದ ಹೆಸರಿನಲ್ಲಿ ಬಂದವರು ನಿಯಮ ಮೀರಿದ ಕ್ಷಣದಲ್ಲಿ ಅವರ ಕೈಯಲ್ಲಿ ಉಳಿಯುವುದು ಬರೀ ಲಾಠಿ.

ಹಾಗಾದರೆ ಒಪ್ಪಿಗೆಯನ್ನು ರಕ್ತ ಹರಿಸದೆ ಅಳೆಯುವುದು ಹೇಗೆ? ಸಂವಿಧಾನವನ್ನು ನಾನು ಈ ಪ್ರಶ್ನೆಗೆ ಕೊಟ್ಟ ಉತ್ತರವೆಂದೇ ಓದುತ್ತೇನೆ. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ನೆನಪಾಗುತ್ತದೆ. ಸಂವಿಧಾನದ ದಾರಿಗಳು ತೆರೆದಿರುವಾಗ ಕಾನೂನುಭಂಗದ ಹಳೆಯ ದಾರಿಗಳನ್ನು ಬಿಡಬೇಕು ಎಂದರು. ಅದೇ ಭಾಷಣದಲ್ಲಿ, ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ಕರೆದೊಯ್ಯುತ್ತದೆ ಎಂದೂ ಹೇಳಿದರು. ಮೊದಲ ಎಚ್ಚರಿಕೆಯನ್ನು ಆಳುವವರು ಆಗಾಗ ಉದ್ಧರಿಸುತ್ತಾರೆ. ಎರಡನೆಯದು ಅವರ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ. ನನಗೆ ಎರಡೂ ಒಟ್ಟಿಗೇ ಬೇಕು. ದಾರಿಗಳು ತೆರೆದಿರಬೇಕು ಎಂಬ ಷರತ್ತು ಸರ್ಕಾರದ ಮೇಲಿದೆ. ಅದನ್ನು ಪಾಲಿಸಿದ ಸರ್ಕಾರಕ್ಕೆ ಮಾತ್ರ ಜನರಿಂದ ವಿಧೇಯತೆ ಕೇಳುವ ಯೋಗ್ಯತೆ.

ರಾಜ್ಯ ಬೇರೆ, ಸರ್ಕಾರ ಬೇರೆ ಎನ್ನುವ ಪಾಠಕ್ಕೂ ಕರ್ನಾಟಕವೇ ದೇಶಕ್ಕೆ ಉದಾಹರಣೆ ಒದಗಿಸಿತು. 1989ರ ಏಪ್ರಿಲ್‌ನಲ್ಲಿ ಬೆಂಬಲ ಹಿಂತೆಗೆದುಕೊಂಡ 19 ಶಾಸಕರ ಪತ್ರಗಳನ್ನು ನೆಚ್ಚಿಕೊಂಡು ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಲಾಯಿತು; ಸರ್ಕಾರ ಹೋಯಿತು, ರಾಜ್ಯ ಉಳಿಯಿತು. ಪತ್ರ ಕೊಟ್ಟವರಲ್ಲಿ ಕೆಲವರು ಹಿಂದೆ ಸರಿದಿದ್ದರು. ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡಿ ಎಂದು ಮುಖ್ಯಮಂತ್ರಿ ಕೇಳಿದರೂ ಕೊಡಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಬಹುಮತ ತೀರ್ಮಾನವಾಗಬೇಕಾದ ಜಾಗ ಸದನ, ರಾಜಭವನವಲ್ಲ ಎಂದಿತು. ಬೊಮ್ಮಾಯಿಯವರ ಕುರ್ಚಿ ಅದರಿಂದ ಮರಳಿ ಸಿಗಲಿಲ್ಲ. ಆದರೆ ಒಪ್ಪಿಗೆಯನ್ನು ಎಲ್ಲರ ಕಣ್ಣೆದುರೇ ಎಣಿಸಬೇಕು ಎಂಬ ನಿಯಮ ದೇಶಕ್ಕೆಲ್ಲ ಸಿಕ್ಕಿತು.

ವಿಧಾನಸೌಧ ಎಲ್ಲರ ಕೈಗೆ ಎಟಕುವುದಿಲ್ಲ ನಿಜ. ಗ್ರಾಮಸಭೆ ಎಟಕುತ್ತದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅದಕ್ಕೆ ಚುನಾವಣೆ ಗೆಲ್ಲಬೇಕಾಗಿಲ್ಲ, ಯಾರ ಶಿಫಾರಸೂ ಬೇಡ. ಈಸೂರಿನವರು ಪ್ರಾಣ ತೆತ್ತು ಕೇಳಿದ್ದರಲ್ಲಿ ಒಂದು ಪಾಲು ಇಂದು ಕಾನೂನಾಗಿ ನಮ್ಮೂರಿನ ಶಾಲೆಯ ಅಂಗಳಕ್ಕೇ ಬಂದಿದೆ. ಎಷ್ಟೋ ಕಡೆ ಅದು ಸಹಿ ಹಾಕಿಸಿಕೊಳ್ಳುವ ಶಾಸ್ತ್ರಕ್ಕೆ ಇಳಿದಿರುವುದು ನನಗೆ ನೋವಿನ ಸಂಗತಿ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಓದುವಾಗ ‘ನನ್ನ ಹೆಸರೂ ಸೇರಿಸಿ ಸ್ವಾಮಿ’ ಎಂದು ಕೈಮುಗಿಯುವ ಹೆಣ್ಣುಮಗಳು ಅಧ್ಯಕ್ಷರ ಕೃಪೆ ಬೇಡುತ್ತಿದ್ದಾಳೆ. ಅವಳ ಪಕ್ಕದಲ್ಲೇ ಕೂತ ಇನ್ನೊಬ್ಬಳು ‘ಈ ಪಟ್ಟಿ ಯಾವ ನಿಯಮದ ಮೇಲೆ ಮಾಡಿದ್ರಿ, ಅದನ್ನ ಓದಿ ಹೇಳಿ’ ಎಂದು ಎದ್ದು ನಿಂತರೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಿಯಮಗಳ ಪ್ರತಿ ತೆಗೆದು ಓದಬೇಕಾಗುತ್ತದೆ. ಓದಿ ಮುಗಿಸುವವರೆಗೆ ಆ ಪಟ್ಟಿಗೆ ಕೈ ಎತ್ತದೆ ಇರುವ ಅಧಿಕಾರ ಅವಳದು, ಸಭೆಯಲ್ಲಿ ಕೂತ ಎಲ್ಲರದು.