ಎಳೆದರೆ ಬಿಚ್ಚಿಕೊಳ್ಳುವ ಗಂಟು

ಕಳೆದ ಚಳಿಗಾಲದಲ್ಲಿ ನಲವತ್ತು ಡಾಲರ್ ಕೊಟ್ಟು ಒಂದು ಜೊತೆ ಹಳೇ ಸ್ಕೀ ತಂದೆ. ಡೆನ್ವರ್‌ಗೆ ಕೆಲಸಕ್ಕೆ ಬಂದು ಮೂರನೇ ವರ್ಷ. ಶನಿವಾರ ಬಂತೆಂದರೆ ಆಫೀಸಿನವರೆಲ್ಲ ಹಿಮದ ಬೆಟ್ಟಕ್ಕೆ ಓಡುತ್ತಾರೆ. ಮದ್ದೂರು–ಮಳವಳ್ಳಿ ರಸ್ತೆ ಪಕ್ಕದ ಹಳ್ಳಿಯಲ್ಲಿ ಮಳೆಗಾಲದ ಗದ್ದೆ ಬದುವಿನ ಮೇಲೆ ಜಾರಿ ಬಿದ್ದಿದ್ದು ಬಿಟ್ಟರೆ ಬೇರೆ ಜಾರಾಟ ಗೊತ್ತಿಲ್ಲದ ನಾನೂ ಅವರ ಹಿಂದೆ ಹೋಗಿ, ಬಾಡಿಗೆ ಸ್ಕೀ ಹಾಕಿಕೊಂಡು ಅಷ್ಟಿಷ್ಟು ಕಲಿತಿದ್ದೆ. ಪ್ರತಿ ಸಲ ಬಾಡಿಗೆ ಕಟ್ಟುವಾಗ ಹೊಟ್ಟೆ ಉರಿಯುತ್ತಿತ್ತು. ನಲವತ್ತಕ್ಕೆ ಸ್ವಂತದ್ದೇ ಸಿಕ್ಕಾಗ ಗೆದ್ದೆ ಅಂದುಕೊಂಡೆ.

ನನ್ನ ಬೂಟಿಗೆ ಹೊಂದಿಸಿಕೊಡಿ ಅಂತ ಅಂಗಡಿಗೆ ಒಯ್ದರೆ, ಅಲ್ಲಿನ ಹುಡುಗ ಬೈಂಡಿಂಗ್ ನೋಡಿದವನೇ ಕೈಯೆತ್ತಿದ. ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕಚ್ಚು: ಒಂದು ತುಂಡು ಕಾಲಿನ ತುದಿಗೆ, ಇನ್ನೊಂದು ಹಿಮ್ಮಡಿಗೆ. ಯಾವ್ಯಾವ ಮಾಡೆಲಿಗೆ ತಾವು ಹೊಣೆ ಅಂತ ಕಂಪನಿಗಳು ಪಟ್ಟಿ ಮಾಡುತ್ತವಂತೆ. ನನ್ನದು ಹಳತಾಗಿ ಪಟ್ಟಿಯಿಂದ ಬಿದ್ದುಹೋಗಿತ್ತು. ಅಂಥದ್ದನ್ನು ಅಂಗಡಿಯವರು ಮುಟ್ಟೋದಿಲ್ಲ. ಹೊಸದು ಮಾರೋ ಉಪಾಯ ಇದು ಅಂತ ಮನಸ್ಸಲ್ಲೇ ಬೈದುಕೊಂಡು ಬಂದೆ. ನಾಲ್ಕು ಸ್ಕ್ರೂ ಅಷ್ಟೇ ತಾನೆ? ಮಂಡ್ಯದಲ್ಲಿ ಬಿ.ಇ. ಮಾಡುವಾಗ ಮೊದಲ ವರ್ಷ ವರ್ಕ್‌ಶಾಪಿನಲ್ಲಿ ಅರ ಉಜ್ಜಿದವನು ನಾನು. ಡ್ರಿಲ್ಲೂ ಮನೆಯಲ್ಲೇ ಇತ್ತು.

ಅವತ್ತು ರಾತ್ರಿ ಕೂತು ಓದಿದೆ. ಬೂಟನ್ನು ಗಟ್ಟಿಯಾಗಿ ಹಿಡಿಯೋದಷ್ಟೇ ಬೈಂಡಿಂಗಿನ ಕೆಲಸ ಅಂತ ತಿಳಿದಿದ್ದೆ. ಅದು ಅರ್ಧ ಕೆಲಸ. ಬಿದ್ದಾಗ ಕಾಲು ತಿರುಚಿಕೊಂಡರೆ ಮುಂದಿನ ತುಂಡು ಪಕ್ಕಕ್ಕೆ ಬಿಡಬೇಕು, ಮುಂದಕ್ಕೆ ಮುಗ್ಗರಿಸಿದರೆ ಹಿಂದಿನದು ಮೇಲಕ್ಕೆ ಬಿಡಬೇಕು. ಬಿಡದಿದ್ದರೆ ಉದ್ದನೆಯ ಸ್ಕೀ ಸನ್ನೆಗೋಲಿನಂತೆ ಮೊಣಕಾಲ ಕೆಳಗಿನ ಎಲುಬನ್ನು ಮುರಿಯುತ್ತದೆ. (ಮಂಡಿಯೊಳಗಿನ ನರಗಟ್ಟನ್ನು ಮಾತ್ರ ಇವತ್ತಿನ ಬೈಂಡಿಂಗೂ ಅಷ್ಟಾಗಿ ಕಾಯೋದಿಲ್ಲ.) ಬಿಡುವ ಬೈಂಡಿಂಗ್ ಮೊದಲು ಮಾಡಿದವರಲ್ಲಿ ಒಬ್ಬ ಯಾಲ್ಮರ್ ವಾಮ್, ನಾರ್ವೆಯಿಂದ ಬಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನೆಲೆಸಿದ್ದವನು. 1937ರಲ್ಲಿ ತನ್ನದೇ ಕಾಲು ಮುರಿದುಕೊಂಡ, 1939ರ ಹೊತ್ತಿಗೆ ಬೈಂಡಿಂಗ್ ತಯಾರಾಗಿತ್ತು.

ಇದನ್ನು ಓದುತ್ತಾ ಇದ್ದಾಗ ನಮ್ಮ ಕೊಟ್ಟಿಗೆ ಕಣ್ಮುಂದೆ ಬಂತು.

ನನಗಾಗ ಹತ್ತು ವರ್ಷ. ಸಾಯಂಕಾಲ ಹಸು ಕಟ್ಟುವ ಕೆಲಸ ನನ್ನದು. ಹಿಂದಿನ ದಿನ ಅದು ಬಿಚ್ಚಿಕೊಂಡು ಪಕ್ಕದವರ ಕಬ್ಬಿಗೆ ನುಗ್ಗಿ ಬೈಗುಳ ತಿನ್ನಿಸಿತ್ತು. ಆ ಸಿಟ್ಟಿಗೆ ಗೂಟಕ್ಕೆ ಎರಡೆರಡು ಕಗ್ಗಂಟು ಹಾಕಿದೆ. ರಾತ್ರಿ ಗುಡುಗು. ಬೆದರಿದ ಹಸುವಿನ ಮುಂಗಾಲು ಹಗ್ಗಕ್ಕೆ ಸಿಕ್ಕಿ, ಅದು ಎಳೆದಷ್ಟೂ ಗಂಟು ಬಿಗಿಯಿತು. ಅಪ್ಪ ಲಾಟೀನು ಹಿಡಿದು ಬಂದು ಬಿಚ್ಚಲು ನೋಡಿದ, ಆಗಲಿಲ್ಲ. ಕೊನೆಗೆ ಕುಡುಗೋಲಿನಿಂದ ಹಗ್ಗ ಕೊಯ್ದ. ಹೊಡೆಯಲಿಲ್ಲ. "ಗಂಟು ಎಳುದ್ರೆ ಬುಚ್ಕಬೇಕು ಕಣ್ಲಾ ಮಗ. ದನ ಎಳುದ್ರಲ್ಲ, ನಾವ್ ಎಳುದ್ರೆ" ಅಂದ ಅಷ್ಟೆ. ಹಸುವಿನ ಕುಂಟು ಹೋಗಲಿಲ್ಲ. ಕೇಳಿದ ಬೆಲೆಗೆ ಕೊಟ್ಟು ಕಳಿಸಿದೆವು.

ನಮ್ಮಪ್ಪನಂಥ ಜಿಪುಣನನ್ನು ನಾನು ಕಂಡಿಲ್ಲ. ತುಂಡು ಹಗ್ಗವನ್ನೂ ಗಂಟು ಹಾಕಿ ಗಂಟು ಹಾಕಿ ಬಳಸುತ್ತಿದ್ದ, ಹುಲ್ಲಿನ ಹೊರೆಗೆ, ತಡಿಕೆಗೆ. ದನದ ಕುತ್ತಿಗೆಗೆ ಮಾತ್ರ ಹೊಸ ಕತ್ತಾಳೆ ಹಗ್ಗವೇ ಆಗಬೇಕು. ಅದು ಉಳಿತಾಯದ ಲೆಕ್ಕವೇ ಇರಬೇಕು ಅಂತ ಈಗ ಅನಿಸುತ್ತದೆ. ಹೊರೆ ಕಳಚಿ ಬಿದ್ದರೆ ತೆರುವವನು ಅವನೇ. ಹಸುವಿನ ವಿಷಯದಲ್ಲಿ ತೆರೋದು ಹಸು, ಅದನ್ನು ಯಾರೂ ಕೇಳಿಲ್ಲ. "ನನ್ನ ಕಾಲು, ನನ್ನ ದುಡ್ಡು" ಅಂತ ನಾನು ಡ್ರಿಲ್ ಹಿಡಿದು ಹೊರಟಿದ್ದೆನಲ್ಲ, ಕಾಲು ಮುರಿದು ಮೂರು ತಿಂಗಳು ಮಲಗಿದರೆ ನನ್ನವಳು ಒಬ್ಬಳೇ ಮಗುವನ್ನೂ ನನ್ನನ್ನೂ ನೋಡಿಕೊಳ್ಳಬೇಕಿತ್ತು. ಅವಳನ್ನು ನಾನು ಕೇಳಿರಲಿಲ್ಲ.

ಕೊನೆಗೆ ಸೀಸನ್ ಮುಗಿಯುವ ಹೊತ್ತಿಗೆ, ಹಿಂದಿನ ವರ್ಷದ ಮಾಡೆಲ್ ಅಗ್ಗಕ್ಕೆ ಬಂದಾಗ, ಹೊಸ ಬೈಂಡಿಂಗ್ ತೆಗೆದುಕೊಂಡೆ. ನೋಡಬೇಕಾದ್ದು ಬಹಳ ಇಲ್ಲ: ಬೂಟಿನ ಅಡಿಗೆ ಹೊಂದಬೇಕು, ಬ್ರೇಕು ಸ್ಕೀಯ ನಡುವಿಗಿಂತ ಸ್ವಲ್ಪ ಅಗಲ ಇರಬೇಕು, ನಮಗೆ ಬೇಕಾದ ಬಿಗಿ ಅದರ ಅಂಕಿಯ ತೀರ ತುದಿಯಲ್ಲಿ ಬರದೆ ನಡುವೆ ಬರಬೇಕು. ಬಣ್ಣಕ್ಕೆ, ಹೆಸರಿಗೆ ಕೊಡುವ ದುಡ್ಡು ದಂಡ. ಕೂರಿಸುವ ಕೂಲಿ ಕೊಟ್ಟು ಅಂಗಡಿಯಲ್ಲೇ ಮಾಡಿಸಿದೆ. ಹಳೇ ತೂತುಗಳಿಗೆ ಬಿರಡೆ ಹೊಡೆದು, ಅವುಗಳಿಂದ ದೂರಕ್ಕೆ ಹೊಸ ತೂತು ಕೊರೆದರು. ಸ್ಕ್ರೂ ಒಳಗೆ ಹೋಗೋದು ಒಂದು ಸೆಂಟಿಮೀಟರಿಗಿಂತ ಕಮ್ಮಿ! ನಾನಾಗಿದ್ದರೆ ತಳ ತೂತು ಬಿದ್ದಿರುತ್ತಿತ್ತು.

ಅಲ್ಲೊಂದು ಫಾರ್ಮು ಕೊಟ್ಟರು. ತೂಕ, ಎತ್ತರ, ವಯಸ್ಸು. ಕೊನೆಗೆ, ನೀವು ಎಂಥ ಸ್ಕೀಯರ್? ಹುಷಾರಾಗಿ ಮೆಲ್ಲಗೆ ಹೋಗುವವರು ಒಂದು, ನಡುವಿನವರು ಎರಡು, ಕಡಿದಾದ ಕಡೆ ಜೋರಾಗಿ ನುಗ್ಗುವವರು ಮೂರು. ಇದನ್ನೂ, ಬೂಟಿನ ಉದ್ದವನ್ನೂ ಸೇರಿಸಿ ಬಿಗಿಯ ಅಂಕಿ ತೆಗೆಯುತ್ತಾರೆ. ರೆಸ್ಯೂಮೆಯಲ್ಲಿ ಎರಡು ವರ್ಷದ ಜಾವಾವನ್ನು ನಾಲ್ಕು ಮಾಡಿದ ಕೈ ನನ್ನದು, 'ಮೂರು'ರ ಹತ್ತಿರ ಹೋಗಿ ನಿಂತಿತು. 'ಒಂದು' ಅಂತ ಗುರುತು ಹಾಕುವಾಗ ಹಿಂದೆ ನಿಂತಿದ್ದ ಹತ್ತು ವರ್ಷದ ಹುಡುಗಿ ನೋಡಿಬಿಟ್ಟಾಳು ಅಂತ ಕೈ ಅಡ್ಡ ಹಿಡಿದೆ.

ಹಳೇ ಬೈಂಡಿಂಗ್ ಗ್ಯಾರೇಜಿನಲ್ಲಿತ್ತು. ಮೊನ್ನೆ ಮಳವಳ್ಳಿ ಕಡೆಯ ಒಬ್ಬ ಹುಡುಗ, ಇಲ್ಲಿ ಎಂ.ಎಸ್. ಓದುತ್ತಿರುವವನು, ಊಟಕ್ಕೆ ಬಂದಿದ್ದಾಗ ಅದನ್ನು ಕಂಡ. ಅವನಿಗೆ ಯಾರೋ ಬರೀ ಸ್ಕೀ ಕೊಟ್ಟಿದ್ದಾರೆ. "ಅಣ್ಣ, ಇದ್ನ ನಂಗ್ ಕೊಡಿ, ನಾನೇ ಕೂರುಸ್ಕೋತೀನಿ" ಅಂದ. ಬೇಡಪ್ಪ ಅಂದು, ಹಸುವಿನ ಕತೆಯಿಂದ ಹಿಡಿದು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಿಮ್ಗೆ ಸಂಬ್ಳ ಬತ್ತದೆ, ಹೇಳ್ತೀರಿ" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ವಯಸ್ಸಲ್ಲಿ ನನಗೆ ಯಾರಾದರೂ ಹೀಗಂದಿದ್ದರೆ ಇದಕ್ಕಿಂತ ಖಾರವಾಗಿಯೇ ಅನ್ನುತ್ತಿದ್ದೆ. ಇಡೀ ಸೀಸನ್ನಿಗೆ ಒಟ್ಟಿಗೆ ಬಾಡಿಗೆ ಕೊಡುವ ಅಂಗಡಿ ಇದೆ, ಅರ್ಧ ನಾನು ಹಾಕ್ತೀನಿ, ಶನಿವಾರ ಹೋಗೋಣ ಅಂದಿದ್ದೀನಿ. ಇನ್ನೂ ಹೂಂ ಅಂದಿಲ್ಲ. ಬೈಂಡಿಂಗ್ ಗ್ಯಾರೇಜಿನಲ್ಲೇ ಇದೆ. ಬಿಸಾಡೋಕೆ ನನಗೂ ಮನಸ್ಸು ಬಂದಿಲ್ಲ.