ಸ್ಟಿಕ್ಕರ್ ಇಲ್ಲದ ಪೊಟ್ಟಣ

2015ರ ಡಿಸೆಂಬರ್ 1ರ ಮಳೆಯನ್ನು ಚೆನ್ನೈ ಇನ್ನೂ ಮರೆತಿಲ್ಲ. ತಾಂಬರಂನಲ್ಲಿ ಒಂದು ಹಗಲು ಒಂದು ರಾತ್ರಿಗೆ ಸುಮಾರು 490 ಮಿಲಿಮೀಟರ್ ಸುರಿಯಿತು. ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರೂ ಸೇರಿ ಅಡ್ಯಾರ್ ನದಿ ಉಕ್ಕಿತು; ಸೈದಾಪೇಟೆ, ಕೋಟ್ಟೂರ್‌ಪುರಂ ಕಡೆಯ ಮನೆಗಳ ನೆಲ ಅಂತಸ್ತು ಮುಳುಗಿತು. ಮೀನುಗಾರರು ಫೈಬರ್ ದೋಣಿಗಳನ್ನು ಲಾರಿಗೇರಿಸಿ ತಂದು ಬೀದಿಗಳಲ್ಲಿ ಓಡಿಸಿದರು. ಮಸೀದಿ, ದೇವಸ್ಥಾನ, ಕಲ್ಯಾಣ ಮಂಟಪಗಳು ಬಾಗಿಲು ತೆರೆದವು. ಮನೆಯಲ್ಲಿ ಜಾಗವಿದೆ ಬನ್ನಿ ಎಂದು ಜನ ತಮ್ಮ ವಿಳಾಸ, ಫೋನ್ ನಂಬರ್ ಹಾಕಿ ಗುರುತಿಲ್ಲದವರನ್ನು ಕರೆದರು.

ಅದೇ ವಾರ ಇನ್ನೊಂದು ಸುದ್ದಿಯೂ ಹರಿದಾಡಿತು. ಸ್ವಯಂಸೇವಕರು ತಂದ ಪರಿಹಾರದ ಪೊಟ್ಟಣಗಳ ಮೇಲೆ ಆಗಿನ ಮುಖ್ಯಮಂತ್ರಿಯ ಚಿತ್ರವಿರುವ ಸ್ಟಿಕ್ಕರ್ ಅಂಟಿಸುತ್ತಿದ್ದಾರೆ ಎಂಬ ದೂರುಗಳು ಪತ್ರಿಕೆಗಳಲ್ಲಿ ಬಂದವು. ಊರಿಗೆ ಊರೇ ಸಿಟ್ಟಾಯಿತು, ಆಮೇಲೆ ನಕ್ಕಿತು.

ಸ್ಟಿಕ್ಕರ್ ಇರುವ ಪೊಟ್ಟಣವೇ ಬೇರೆ, ಇಲ್ಲದ್ದೇ ಬೇರೆ ಎಂದು ಎಲ್ಲರೂ ಒಳಗೊಳಗೇ ಒಪ್ಪಿಕೊಂಡಿದ್ದರಿಂದ ಹುಟ್ಟಿದ ಸಿಟ್ಟು ಅದು. ತತ್ತ್ವಶಾಸ್ತ್ರದಲ್ಲಿ ಈ ಒಪ್ಪಿಗೆಯನ್ನೇ ಅಲ್ಲಗಳೆಯುವ ಹಳೆಯ ವಾದವೊಂದಿದೆ. ಸ್ಟಿಕ್ಕರ್ ಇಲ್ಲದ ಪೊಟ್ಟಣವೇ ಲೋಕದಲ್ಲಿಲ್ಲ. ಕೆಲವರದು ಕಣ್ಣಿಗೆ ಕಾಣುತ್ತದೆ, ಕೆಲವರದು ಕಾಣುವುದಿಲ್ಲ, ಅಷ್ಟೇ. ಒಬ್ಬನಿಗೆ ಹೆಸರು ಬೇಕು, ಇನ್ನೊಬ್ಬನಿಗೆ ಪುಣ್ಯ, ಮತ್ತೊಬ್ಬನಿಗೆ ರಾತ್ರಿ ನಿದ್ದೆ ಬಂದರೆ ಸಾಕು. ಮನುಷ್ಯ ಏನು ಮಾಡಿದರೂ ಕೊನೆಗೆ ತನಗಾಗಿಯೇ ಮಾಡುತ್ತಾನೆ ಎನ್ನುವ ಈ ನಿಲುವನ್ನು ಮಾನಸಿಕ ಸ್ವಾರ್ಥವಾದ ಎನ್ನಬಹುದು. ಸ್ವಾರ್ಥಿಯಾಗಿ ಬದುಕಬೇಕು ಎಂದು ಅದು ಉಪದೇಶಿಸುವುದಿಲ್ಲ. ಬೇರೆ ಥರ ಬದುಕಲು ಸಾಧ್ಯವೇ ಇಲ್ಲ ಎನ್ನುತ್ತದೆ.

ಈ ವಾದಕ್ಕೆ ದೊಡ್ಡ ವಂಶಾವಳಿಯೇ ಇದೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಲಂಡನ್ನಿನ ಬೀದಿಯಲ್ಲಿ ಒಬ್ಬ ಮುದುಕನಿಗೆ ಭಿಕ್ಷೆ ಹಾಕಿದ್ದನ್ನು ಅವನ ಪರಿಚಿತ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಜೊತೆಗಿದ್ದ ಪಾದ್ರಿ ಕೇಳಿದ: ಕ್ರಿಸ್ತನ ಆಜ್ಞೆ ಇರದಿದ್ದರೂ ನೀನು ಕೊಡುತ್ತಿದ್ದೆಯಾ? ಕೊಡುತ್ತಿದ್ದೆ, ಅವನ ಪಾಡು ನೋಡಿ ನನಗೆ ಸಂಕಟವಾಗಿತ್ತು, ಕೊಟ್ಟದ್ದರಿಂದ ಅವನಿಗೂ ಹಗುರವಾಯಿತು, ನನಗೂ ಆಯಿತು ಎಂಬರ್ಥದ ಉತ್ತರ ಬಂತು.

ಅದಕ್ಕೂ ಎಷ್ಟೋ ಶತಮಾನ ಹಿಂದೆ, ಬೃಹದಾರಣ್ಯಕ ಉಪನಿಷತ್ತಿನಲ್ಲಿ ಮನೆ ಬಿಟ್ಟು ಹೊರಟ ಯಾಜ್ಞವಲ್ಕ್ಯ ಹೆಂಡತಿ ಮೈತ್ರೇಯಿಗೆ ಇದಕ್ಕಿಂತ ಕಟುವಾಗಿ ಹೇಳುತ್ತಾನೆ. ಗಂಡನಾಗಲಿ ಹೆಂಡತಿಯಾಗಲಿ ಮಕ್ಕಳಾಗಲಿ ಪ್ರಿಯರಾಗುವುದು ಅವರಿಗಾಗಿ ಅಲ್ಲ, ಆತ್ಮನಿಗಾಗಿ ಎಂಬುದು ಅವನ ಮಾತಿನ ಸಾರ. ಹೊರಟು ನಿಂತ ಗಂಡ ಹೇಳುವ ಮಾತೇ ಇದು ಎಂದು ಮೈತ್ರೇಯಿ ಮುನಿಸಿಕೊಂಡಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ.

ನಮ್ಮ ಸರ್ವಜ್ಞನೂ ಈ ಸಾಲಿನಲ್ಲಿ ಅರ್ಧ ನಿಲ್ಲುತ್ತಾನೆ. ಕೊಟ್ಟದ್ದೇ ಕೊನೆಗೆ ನಮ್ಮದಾಗಿ ಉಳಿಯುತ್ತದೆ, ಕೂಡಿಟ್ಟದ್ದು ಯಾರದೋ ಪಾಲು ಎಂಬ ಅವನ ಲೆಕ್ಕ ದಾನವನ್ನು ಒಳ್ಳೆಯ ಹೂಡಿಕೆಯಂತೆ ಕಾಣುತ್ತದೆ. ಚೆನ್ನೈನ ಅಯನಾವರಂನಲ್ಲಿ ಅವನ ಪ್ರತಿಮೆಯಿದೆ. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆಯ ಮುಸುಕು ತೆಗೆದ ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಮಳೆಯ ಹಾಗೆ ಮರುಪಾವತಿ ನೋಡದೆ ಕೊಡುವುದನ್ನು ಹೊಗಳಿದ ವಳ್ಳುವರ್ ಬೆಂಗಳೂರಿಗೆ ಬಂದದ್ದೇ ಕೊಡು-ಕೊಳ್ಳುವ ಒಪ್ಪಂದದ ಮೇಲೆ. ಸರ್ಕಾರಗಳಿಗೆ ತಮಾಷೆ ಗೊತ್ತಾಗುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಇರಲಿ. ವಾದದ ಗಟ್ಟಿತನವನ್ನು ಪರೀಕ್ಷಿಸೋಣ. ಕೋಟ್ಟೂರ್‌ಪುರಂನ ಬೀದಿಗೆ ದೋಣಿ ಇಳಿಸಿದ ಮೀನುಗಾರನೊಬ್ಬನನ್ನು ಎದುರಿಗೆ ತಂದುಕೊಳ್ಳಿ. ನೀರು ಕೆಸರು, ಕೆಳಗೆ ಏನಿದೆ ಎಂದು ತಿಳಿಯದು. ಮುಳುಗಿದ ಕಾರೋ ಕಾಂಪೌಂಡಿನ ಕಬ್ಬಿಣದ ಸರಳೋ ತಾಗಿ ದೋಣಿಯ ತಳ ಸೀಳಿದರೆ ನಷ್ಟ ಅವನದೇ. ಇಂಜಿನ್ನಿನ ಪಂಖಕ್ಕೆ ಕಸ, ಬಟ್ಟೆ ಸುತ್ತಿಕೊಂಡರೆ ಎತ್ತಿ ಬಿಡಿಸಬೇಕು. ಕೊನೆಗೆ ಮೊದಲ ಮಹಡಿಯ ಕಿಟಕಿಯಿಂದ ಒಬ್ಬ ಅಜ್ಜಿಯನ್ನು ಇಳಿಸಿಕೊಂಡು ಒಣ ನೆಲಕ್ಕೆ ಬಿಡುತ್ತಾನೆ. ಅವನಿಗೆ ಹಿತವೆನಿಸುತ್ತದೆ. ಸ್ವಾರ್ಥವಾದಿ ತಟ್ಟನೆ ಬೆರಳು ತೋರಿಸುತ್ತಾನೆ: ನೋಡಿ, ಆ ಹಿತಕ್ಕಾಗಿಯೇ ಬಂದದ್ದು.

ಇಲ್ಲೇ ವಾದ ಎಡವುವುದು. ಇದನ್ನು ಮೊದಲು ಬಿಡಿಸಿ ತೋರಿಸಿದವರಲ್ಲಿ 1726ರಲ್ಲಿ ತನ್ನ ಧರ್ಮೋಪನ್ಯಾಸಗಳನ್ನು ಪ್ರಕಟಿಸಿದ ಜೋಸೆಫ್ ಬಟ್ಲರ್ ಮುಖ್ಯ. ಆ ಹಿತ ಎಲ್ಲಿಂದ ಬಂತು? ಅಜ್ಜಿ ಬದುಕಲಿ ಎಂಬ ಆಸೆ ಮೊದಲೇ ಇದ್ದುದರಿಂದ. ಅವಳು ಉಳಿದರೇನು ಹೋದರೇನು ಎನ್ನುವವನಿಗೆ ಅವಳನ್ನು ದಡ ಸೇರಿಸಿದರೆ ಸೊಂಟ ನೋವು ಬಂದೀತು, ಹಿತ ಬರುವುದಿಲ್ಲ. ಅಂದರೆ ತೃಪ್ತಿ ಕಾಳಜಿಯ ಹಿಂದೆ ಬರುತ್ತದೆ. ಹಿಂದೆ ಬಂದದ್ದನ್ನು ಕಾರಣವೆಂದು ಮುಂದೆ ನಿಲ್ಲಿಸುವುದು ಸ್ವಾರ್ಥವಾದದ ಕೈಚಳಕ. ಆಸೆ ಹುಟ್ಟಿದ್ದು ಅವನಲ್ಲಿ, ಒಪ್ಪೋಣ. ಬೇರೆಯವರ ಆಸೆಯಿಂದ ನಾವು ನಡೆಯಲಾಗುವುದಿಲ್ಲ. ಆದರೆ ಆಸೆಪಟ್ಟದ್ದು ಅಜ್ಜಿಯ ಜೀವವನ್ನು.

ನಂಬಿಕೆ ಬಾರದಿದ್ದರೆ ಹೀಗೆ ಯೋಚಿಸಿ. ದೋಣಿ ಹೊರಡುವ ಮೊದಲೇ ಯಾರೋ ಬಂದು, ಆ ಮನೆಯವರೆಲ್ಲ ಆಗಲೇ ಪಾರಾಗಿದ್ದಾರೆ ಎಂದು ಸುಳ್ಳು ಹೇಳಿದರೆ ಮೀನುಗಾರನ ಸಂಕಟ ಅಲ್ಲಿಗೇ ಶಮನವಾಗುತ್ತದೆ. ಮನಸ್ಸಿನ ನೆಮ್ಮದಿಯಷ್ಟೇ ಬೇಕಿದ್ದರೆ ಆ ಸುಳ್ಳು ಅಗ್ಗದ ಉಪಾಯ. ಆದರೆ ಸುಳ್ಳೆಂದು ಆಮೇಲೆ ಗೊತ್ತಾದರೆ ಅವನು ಹೇಳಿದವನ ಕೊರಳಪಟ್ಟಿ ಹಿಡಿಯುತ್ತಾನೆ. ಬೇಕಾಗಿದ್ದ ವಸ್ತುವೇ ಬೇರೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸ್ವಾರ್ಥವಾದಿ ಸೋಲೊಪ್ಪುವುದಿಲ್ಲ. ಯಾವ ಉದಾಹರಣೆ ಕೊಟ್ಟರೂ ಅವನು ಒಂದು ಗುಪ್ತ ಲಾಭ ಹುಡುಕಿ ತೆಗೆಯುತ್ತಾನೆ. ಸಿಗದಿದ್ದರೆ, ನಿಮಗೆ ಕಾಣುತ್ತಿಲ್ಲ ಅಷ್ಟೇ ಎನ್ನುತ್ತಾನೆ. ಹೀಗೆ ಯಾವ ಸಾಕ್ಷ್ಯಕ್ಕೂ ಜಗ್ಗದ ವಾದ ಬಲವಾದದ್ದೆಂದು ಹಲವರು ತಿಳಿಯುತ್ತಾರೆ. ನನಗೆ ಅದೇ ಅದರ ಬಡತನ ಅನ್ನಿಸುತ್ತದೆ. ಸ್ಟಿಕ್ಕರ್ ಅಂಟಿಸಿದವನೂ ದೋಣಿ ಇಳಿಸಿದವನೂ ಒಂದೇ ಎಂದು ಸಾರಿದ ಮೇಲೆ ಅವರಿಬ್ಬರ ನಡುವೆ ಉಳಿಯುವ ಎದ್ದುಕಾಣುವ ವ್ಯತ್ಯಾಸವನ್ನು ಅದು ಎಲ್ಲಿಡುತ್ತದೆ?

ಪ್ರಯೋಗದಿಂದ ತಿಳಿಯಲು ಹೊರಟವರೂ ಇದ್ದಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಎಲೇನ್ ಎಂಬ ಹುಡುಗಿ ವಿದ್ಯುತ್ ಆಘಾತ ತಿನ್ನುವುದನ್ನು 44 ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಟೀವಿಯಲ್ಲಿ ನೋಡಬೇಕು. (ಎಲ್ಲ ನಾಟಕ, ನೋಡುವವರಿಗೆ ಗೊತ್ತಿಲ್ಲ.) ಅವಳ ಜಾಗದಲ್ಲಿ ತಾವು ಕೂರುತ್ತೀರಾ ಎಂದು ಕೇಳಲಾಯಿತು. ಕೆಲವರಿಗೆ ಎರಡು ಸುತ್ತು ನೋಡಿ ಎದ್ದುಹೋಗುವ ಅವಕಾಶವಿತ್ತು. ಸ್ವಂತ ಸಂಕಟ ನೀಗಿಕೊಳ್ಳುವುದಷ್ಟೇ ಗುರಿಯಾಗಿದ್ದರೆ ಎದ್ದುಹೋಗುವುದೇ ಸುಲಭ. ಅವಳು ತಮ್ಮಂಥವಳಲ್ಲ ಎಂದು ನಂಬಿಸಲಾಗಿದ್ದ ಗುಂಪಿನಲ್ಲಿ ಆದದ್ದೂ ಅದೇ: ಕೂರಲು ಒಪ್ಪಿದವರು ಶೇ. 18 ಮಾತ್ರ. ಆದರೆ ನನ್ನಂಥವಳೇ ಎಂದು ಮರುಗಿದವರಲ್ಲಿ, ಹೋಗುವ ದಾರಿ ತೆರೆದಿದ್ದರೂ, ಶೇ. 91ರಷ್ಟು ಮಂದಿ ಆಘಾತಕ್ಕೆ ಒಪ್ಪಿದರು.

ರಾಬರ್ಟ್ ಚಾಲ್ಡಿನಿ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ತಂಡಕಟ್ಟಿ ಇದಕ್ಕೆ ಅಡ್ಡಗಾಲು ಹಾಕಿದ. ಮರುಗುವಾಗ ನಾವು ಆ ಇನ್ನೊಬ್ಬರಲ್ಲಿ ನಮ್ಮನ್ನೇ ಕಾಣುತ್ತೇವೆ, ಆದ್ದರಿಂದ ಅದು ಪರೋಪಕಾರವಾಗದು ಎಂದ. ಯಾಜ್ಞವಲ್ಕ್ಯನ ಮಾತಿಗೆ ಇದು ಎಷ್ಟು ಹತ್ತಿರ! ಆದರೆ ಚಾಲ್ಡಿನಿ ಇದನ್ನು ಆಕ್ಷೇಪವಾಗಿ ಹೇಳಿದರೆ ಅದ್ವೈತಿಗಳು ಅದನ್ನೇ ಸಾಧನೆ ಎಂದರು. ಅವರ ಪ್ರಕಾರ ಯಾಜ್ಞವಲ್ಕ್ಯನ ಆತ್ಮ ಒಬ್ಬೊಬ್ಬರ ಅಹಂಕಾರವಲ್ಲ, ಎಲ್ಲರೊಳಗೂ ಇರುವುದು. ಹಾಗಾದರೆ ಮಹರ್ಷಿ ಸ್ವಾರ್ಥವಾದಿಯ ಸಾಕ್ಷಿಯಾಗಿ ಕಟಕಟೆ ಹತ್ತಿ, ಎದುರು ಪಕ್ಷದ ಪರವಾಗಿ ನುಡಿದು ಇಳಿಯುತ್ತಾನೆ.

ನಿಜವಾದ ತೊಡಕು ಬೇರೆಡೆ ಇದೆ. ನಮ್ಮೊಂದು ಕೆಲಸದಲ್ಲಿ ಒಂದಿಷ್ಟೂ ಸ್ವಪ್ರೇಮ ಬೆರೆತಿಲ್ಲ ಎಂದು ಎಷ್ಟೇ ಆತ್ಮಪರೀಕ್ಷೆ ಮಾಡಿಕೊಂಡರೂ ಖಾತ್ರಿಯಾಗಿ ಹೇಳಲಾಗದು ಎಂದು 1785ರಲ್ಲಿ ತತ್ತ್ವಜ್ಞಾನಿ ಕಾಂಟ್ ಬರೆದ. ಒಪ್ಪತಕ್ಕ ಮಾತು. ಮೀನುಗಾರನಿಗೂ ನಾಲ್ಕು ಜನರ ಮೆಚ್ಚುಗೆ ಬೇಕಿದ್ದಿರಬಹುದು. ಆದರೆ ಬೆರಕೆ ಇರಬಹುದು ಎಂಬುದರಿಂದ ಅಲ್ಲಿರುವುದೆಲ್ಲ ಬೆರಕೆಯೇ ಎಂದಾಗುವುದಿಲ್ಲ.

ಈ ಪ್ರಶ್ನೆ ಪಂಡಿತರ ಕೋಣೆಯಲ್ಲೇ ಉಳಿದಿಲ್ಲ ಎಂಬುದಕ್ಕೂ ಚೆನ್ನೈ ಸಾಕ್ಷಿ. ಬಡವರು ಮೂತ್ರಪಿಂಡ ಮಾರಿಕೊಳ್ಳುತ್ತಿದ್ದ ಕಾಲದಲ್ಲಿ ವಿಲ್ಲಿವಾಕ್ಕಂ ಬಡಾವಣೆಗೆ ಜನ ‘ಕಿಡ್ನಿವಾಕ್ಕಂ’ ಎಂದು ಹೆಸರಿಟ್ಟಿದ್ದರು. ಇಂಥ ದಂಧೆ ತಡೆಯಲೆಂದು 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. ಆಮೇಲೂ ನಿಲ್ಲಲಿಲ್ಲ, ಸುನಾಮಿಯಲ್ಲಿ ನೆಲೆ ಕಳೆದುಕೊಂಡು ಉತ್ತರ ಚೆನ್ನೈನ ಎರ್ಣಾವೂರಿನಲ್ಲಿದ್ದ ಮೀನುಗಾರ ಹೆಂಗಸರು ಮೂತ್ರಪಿಂಡ ಮಾರಿಕೊಂಡದ್ದು 2007ರಲ್ಲಿ ಬಯಲಾಯಿತು. ಹತ್ತಿರದ ಬಂಧುವಲ್ಲದವರು ಬದುಕಿರುವಾಗಲೇ ಅಂಗ ಕೊಡಬೇಕಾದರೆ ಕಾಯ್ದೆಯ ಪ್ರಕಾರ ಅನುಮತಿ ಸಮಿತಿಯ ಮುಂದೆ ಹೋಗಬೇಕು. ಕೊಡುತ್ತಿರುವುದು ಪ್ರೀತಿ, ಮಮತೆ ಅಥವಾ ಬೇರೆ ವಿಶೇಷ ಕಾರಣದಿಂದಲೇ, ಹಣ ಕೈಬದಲಾಗಿಲ್ಲವೇ ಎಂದು ಸಮಿತಿ ವಿಚಾರಿಸುತ್ತದೆ. ಹಾಬ್ಸ್ ಹೇಳಿದ್ದೇ ಸರಿಯಾಗಿದ್ದರೆ ಆ ಸಮಿತಿಗೆ ಕೆಲಸವೇ ಇರುತ್ತಿರಲಿಲ್ಲ: ಮಾರಿದವನೂ ಮಮತೆಯಿಂದ ಕೊಟ್ಟವನೂ ಒಂದೇ. ಕೊಟ್ಟರೆ ನಿನಗೆ ತೃಪ್ತಿಯಾಗುತ್ತದೆ ಎಂಬ ಕಾರಣಕ್ಕೆ ಯಾರ ದಾನವನ್ನೂ ಕಾನೂನು ತಳ್ಳಿಹಾಕುವುದಿಲ್ಲ. ಬಟ್ಲರ್ ಎಳೆದ ಗೆರೆಯನ್ನೇ, ಅವನ ಹೆಸರು ಕೇಳದೆಯೇ, ಕಾನೂನು ಎಳೆದಿದೆ. ಅದು ಸರಿಯಾದ ಗೆರೆ.

ಸತ್ತ ಮೇಲೆ ಅಂಗಾಂಗ ಕೊಡಬೇಕೆಂದಿದ್ದೂ, ಇದರಲ್ಲಿ ನನ್ನ ಹೆಸರಿನ ಆಸೆ ಇದೆಯೇನೋ ಎಂದು ಹಿಂಜರಿಯುವವರಿದ್ದರೆ ಅಷ್ಟು ಮಡಿ ಬೇಡ. ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ನೋಂದಾಯಿಸಿದ ದಿನವೇ ಮನೆಯವರಿಗೂ ಹೇಳಿಡಿ. ಕೊನೆಗೆ ಆಸ್ಪತ್ರೆಯವರು ಒಪ್ಪಿಗೆ ಕೇಳುವುದು ಅವರನ್ನೇ.