ಸೂರ್ಯ ದೂರ ಹೋಗಿಲ್ಲ



ಬೇಸಿಗೆ ಏಕೆ ಬರುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಓದಿದವರೂ ಓದದವರೂ ಹೆಚ್ಚಾಗಿ ಕೊಡುವ ಉತ್ತರ ಒಂದೇ: ಬೇಸಿಗೆಯಲ್ಲಿ ಸೂರ್ಯ ನಮಗೆ ಹತ್ತಿರ ಬರುತ್ತಾನೆ, ಚಳಿಗಾಲದಲ್ಲಿ ದೂರ ಸರಿಯುತ್ತಾನೆ. ಕೇಳಲು ಸರಿ ಎನಿಸುವ ಈ ಉತ್ತರ ತಪ್ಪು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ತಿಂಗಳ ಮೊದಲ ದಿನಗಳಲ್ಲಿ. ಆಗ ನಡುವಿನ ಅಂತರ ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲ ದಿನಗಳಲ್ಲಿ. ಆಗ ಸುಮಾರು 15.2 ಕೋಟಿ ಕಿಲೋಮೀಟರ್. ಅಂದರೆ, ಗುರುಮಠಕಲ್‌ನಲ್ಲಿ ನಾವು ಬೆಳಗಿನ ಪೂಜೆಗೆ ಶಾಲು ಹೊದ್ದು ಬರುವ ದಿನಗಳಲ್ಲೇ ಸೂರ್ಯ ನಮಗೆ ಹೆಚ್ಚು ಹತ್ತಿರ ಇರುತ್ತಾನೆ!

ಹಾಗಾದರೆ ಋತುಗಳಿಗೆ ಕಾರಣವೇನು? ಬುಗುರಿಯಂತೆ ತಿರುಗುವ ಈ ಭೂಮಿಯ ಅಕ್ಷ ನೆಟ್ಟಗಿಲ್ಲ, ಸುಮಾರು 23.4 ಡಿಗ್ರಿ ಓರೆಯಾಗಿದೆ. ವರ್ಷವಿಡೀ ಸೂರ್ಯನನ್ನು ಸುತ್ತುವಾಗಲೂ ಆ ಅಕ್ಷದ ಉತ್ತರದ ತುದಿ ಧ್ರುವ ನಕ್ಷತ್ರದ ಕಡೆಗೇ ಮುಖ ಮಾಡಿರುತ್ತದೆ. ಹೀಗಾಗಿ ಜೂನ್‌ನಲ್ಲಿ ನಮ್ಮ ಉತ್ತರಾರ್ಧ ಗೋಳ ಸೂರ್ಯನ ಕಡೆಗೆ ವಾಲಿರುತ್ತದೆ. ಡಿಸೆಂಬರ್‌ನಲ್ಲಿ ಆಚೆಗೆ ವಾಲಿರುತ್ತದೆ. ಕಿರಣ ನೇರವಾಗಿ ಬಿದ್ದರೆ ಕಾವು ಹೆಚ್ಚು. ಓರೆಯಾಗಿ ಬಿದ್ದರೆ ಅದೇ ಕಾವು ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ. ನಮ್ಮಲ್ಲಿ ಹಗಲೂ ಜೂನ್‌ನಲ್ಲಿ ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ. ನಾವು ಚಳಿಯಲ್ಲಿ ಕ್ರಿಸ್ತಜಯಂತಿ ಆಚರಿಸುವಾಗ ಆಸ್ಟ್ರೇಲಿಯಾದ ಕ್ರೈಸ್ತರು ಬೇಸಿಗೆಯ ಬಿಸಿಲಿನಲ್ಲಿ ಆಚರಿಸುವುದು ಇದೇ ಕಾರಣದಿಂದ.

ಮಕ್ಕಳಿಗೆ ಇದನ್ನು ಮನೆಯ ಅಂಗಳದಲ್ಲೇ ತೋರಿಸಬಹುದು. ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಡಿಸೆಂಬರ್ ಕೊನೆಯ ದಿನಗಳಲ್ಲಿ ನಡುಮಧ್ಯಾಹ್ನ ಅದರ ನೆರಳು ಉತ್ತರಕ್ಕೆ ಸುಮಾರು 85 ಸೆಂಟಿಮೀಟರ್ ಚಾಚುತ್ತದೆ. ಮೇ ಮೊದಲ ವಾರ ಮುಗಿಯುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಬಂದು ನೆರಳು ಮಾಯವಾಗುತ್ತದೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನೆರಳು ದಕ್ಷಿಣಕ್ಕೆ ಬೀಳುತ್ತದೆ!

ಮೇ ತಿಂಗಳಲ್ಲಿ ಹೀಗೆ ಕಾದ ನೆಲ, ಅಷ್ಟು ಬೇಗ ಕಾಯದ ಸಮುದ್ರದ ಮೇಲಿನ ತೇವದ ಗಾಳಿಯನ್ನು ತನ್ನತ್ತ ಸೆಳೆಯುತ್ತದೆ. ಅದೇ ನಮ್ಮ ಮುಂಗಾರು. ನಮ್ಮ ರೈತರು ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಎಂದು ಎಣಿಸುವುದೂ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬ ಲೆಕ್ಕದಿಂದಲೇ. ಆಗ ಹೆಸರು, ತೊಗರಿ ಬಿತ್ತನೆಯಾಗುತ್ತದೆ. ನಜರಾಪುರದ ದಬದಬಿಯಲ್ಲಿ ನೀರು ಧುಮುಕುತ್ತದೆ. ಅಕ್ಷ ನೆಟ್ಟಗಿದ್ದಿದ್ದರೆ ವರ್ಷವೆಲ್ಲ ಹಗಲು ಇರುಳು ಸಮವಾಗಿರುತ್ತಿದ್ದವು. ಬಿತ್ತುವ ಕಾಲ, ಕೊಯ್ಯುವ ಕಾಲ ಎಂಬುದು ಹೀಗೆ ಸರದಿಯ ಮೇಲೆ ಬರುತ್ತಿರಲಿಲ್ಲ.

ಇದು ಶಾಲೆಯ ಪಾಠವಲ್ಲವೇ, ಗುರುಗಳೇಕೆ ಹೇಳಬೇಕು ಎಂದು ನೀವು ಕೇಳಬಹುದು. ಕಾರಣವಿದೆ. ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳಲ್ಲಿ ಕೇಳಿಬರುವ ಮಾತು ಇದು: “ಫಾದರ್, ದೇವ್ರು ನಮ್ ಕಡಿಂದ ದೂರ ಹೋಗ್ಯಾನೇನ್ರಿ?” ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಮುಂಬೈಗೋ ಹೈದರಾಬಾದಿಗೋ ಗುಳೆ ಹೊರಡುವ ತಾಯಿ ಕೇಳುವ ಪ್ರಶ್ನೆಗೆ ಹಗುರವಾದ ಉತ್ತರ ಕೊಡಲಾಗದು.

ಆದರೂ ಒಂದು ಮಾತು ಹೇಳಲೇಬೇಕು. ನಮಗೆ ತಾಗುವ ಬಿಸಿಯಿಂದ ಸೂರ್ಯನ ದೂರವನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಹಾಗೆಯೇ, ಮನೆಯ ಸುಖದಿಂದ ದೇವರ ದೂರವನ್ನು ಅಳೆದರೂ ಲೆಕ್ಕ ತಪ್ಪುತ್ತದೆ. ಕಣಜ ತುಂಬಿದಾಗ ದೇವರು ಹತ್ತಿರ, ಖಾಲಿಯಾದಾಗ ದೂರ ಎನ್ನುವುದು ಕ್ರೈಸ್ತ ವಿಶ್ವಾಸವಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೈಬಿಡಲ್ಪಟ್ಟವರಂತೆ ಕೂಗಿದ ಘಳಿಗೆಯಲ್ಲೂ ಪಿತದೇವರು ಅವರನ್ನು ತೊರೆದಿರಲಿಲ್ಲ.

ಹಾಗೆಂದು, “ದೇವರು ದೂರ ಹೋಗಿಲ್ಲ, ನೀನೇ ಆಚೆಗೆ ವಾಲಿದ್ದೀಯ” ಎಂದು ಕಷ್ಟದಲ್ಲಿರುವವರನ್ನು ಚುಚ್ಚಬೇಡಿ. ಭೂಮಿಯ ಓರೆ ಪಾಪವಲ್ಲ, ಬರಗಾಲ ಶಿಕ್ಷೆಯಲ್ಲ. ಪಿತದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಬಿಸಿಲು ಮಳೆ ಸುರಿಸುತ್ತಾರೆ ಎಂದು ಯೇಸುಸ್ವಾಮಿ ಬೋಧಿಸಿದರು (ಮತ್ತಾಯ 5:45). ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲ ಎಂದೂ ಅವರೇ ಸ್ಪಷ್ಟಪಡಿಸಿದರು (ಲೂಕ 13:4-5). ದೇವರು ಸೃಷ್ಟಿಯ ಕಾರಣಗಳ ಮೂಲಕವೇ ಲೋಕವನ್ನು ನಡೆಸುತ್ತಾರೆ ಎಂದು ಸಂತ ಥಾಮಸ್ ಅಕ್ವಿನಾಸ್ ಕಲಿಸಿದರು. ಋತುಗಳ ಸರದಿಗೆ ಅಕ್ಷದ ಓರೆ ಒಂದು ಕಾರಣ. ಒಂದು ವರ್ಷದ ಮಳೆಯ ಹೆಚ್ಚುಕಡಿಮೆಗೆ ಸಮುದ್ರ, ಗಾಳಿಗಳ ಬೇರೆ ಕಾರಣಗಳಿವೆ. ಗಾಳಿಯನ್ನು ಹೊಗೆಯಿಂದ ತುಂಬಿ ಹವಾಮಾನವನ್ನು ಕೆಡಿಸುತ್ತಿರುವ ಮನುಷ್ಯರ ಪಾಲೂ ಇದೆ ಎಂದು ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಎಚ್ಚರಿಸಿದರು. ಅದರ ಫಲವನ್ನು ಮೊದಲು ಉಣ್ಣುವವರು ಬಡವರು.

ಈ ಕಾರಣಗಳನ್ನು ಅರಿಯಲು ಧರ್ಮಸಭೆ ಹಿಂಜರಿಯಬೇಕಾಗಿಲ್ಲ. ಪಾಸ್ಖ ಹಬ್ಬದ ದಿನ ನಿಲ್ಲುವುದೇ ಹಗಲಿರುಳು ಸಮವಾಗುವ ಮಾರ್ಚ್ ತಿಂಗಳ ಕಾಲದ ಮೇಲೆ. ಹಳೆಯ ಪಂಚಾಂಗ 10 ದಿನ ತಪ್ಪಿದ್ದಾಗ ಜಗದ್ಗುರು 13ನೇ ಗ್ರೆಗೊರಿಯವರು 1582ರಲ್ಲಿ ಅದನ್ನು ತಿದ್ದಿಸಿದರು; ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಇಂದು ನಮ್ಮೆಲ್ಲರ ಗೋಡೆಯ ಮೇಲಿರುವುದು ಅದೇ ಕ್ಯಾಲೆಂಡರ್.

ಕೊನೆಗೆ ಆ ಧ್ರುವ ನಕ್ಷತ್ರವನ್ನು ನೆನೆಯಿರಿ. ಬಿಸಿಲಿರಲಿ, ಚಳಿಯಿರಲಿ, ಭೂಮಿ ಅದರ ಕಡೆಗೆ ಹಿಡಿದ ಮುಖವನ್ನು ತಿರುಗಿಸುವುದಿಲ್ಲ. ಹಾಗೆ ಹಿಡಿದ ದಿಕ್ಕನ್ನು ಬಿಡದಿರುವುದರಿಂದಲೇ ಹೋದ ಋತು ಮರಳಿ ಬರುತ್ತದೆ. ನಮ್ಮ ಕುಟುಂಬಗಳಿಗೂ ಅಂಥದೊಂದು ದಿಕ್ಕು ಬೇಕು. ಸುಗ್ಗಿಯಲ್ಲಿ ಮಾಡಿದ ಸಂಜೆಯ ಜಪಮಾಲೆ ಬರದಲ್ಲಿ ನಿಲ್ಲದಿರಲಿ. ಗುಳೆ ಹೋದ ಊರಿನ ತಗಡಿನ ಶೆಡ್ಡಿನಲ್ಲೂ ಒಂದು ಪ್ರಾರ್ಥನೆ ನಡೆಯಲಿ. ಊರಲ್ಲೇ ಉಳಿದವರಿಗೆ ಇನ್ನೊಂದು ಕೆಲಸವಿದೆ. ಗುಳೆ ಹೋಗುವವರ ಮಕ್ಕಳು ಪರೀಕ್ಷೆ ಮುಗಿಯುವವರೆಗೆ ಶಾಲೆ ಬಿಡದಂತೆ ಒಂದು ತಾಟು ಊಟ, ಮಲಗಲು ಒಂದು ಚಾಪೆ ಕೊಡಿ. ದೇವರು ದೂರ ಹೋಗಿಲ್ಲ ಎಂಬುದು ಆ ತಾಯಿಗೆ ನನ್ನ ಪ್ರಸಂಗಕ್ಕಿಂತ ನಿಮ್ಮ ಆ ತಾಟಿನಿಂದ ಬೇಗ ತಿಳಿಯುತ್ತದೆ.

ಭೂಮಿ ಇರುವ ತನಕ ಬಿತ್ತನೆಯೂ ಕೊಯ್ಲೂ ತಪ್ಪುವುದಿಲ್ಲ ಎಂದು ಜಲಪ್ರಳಯದ ನಂತರ ಮಾತು ಕೊಟ್ಟ ದೇವರು (ಆದಿಕಾಂಡ 8:22) ನಿಮ್ಮ ಹೊಲ ಮನೆಗಳನ್ನೂ, ದೂರದ ಊರಲ್ಲಿ ದುಡಿಯುತ್ತಿರುವ ನಿಮ್ಮವರನ್ನೂ ಆಶೀರ್ವದಿಸಲಿ.